ಎಡಕ್ಕೆ ವಾಲಿದ ಗುಂಡಿಪಟ್ಟಿ

ಬೀದಿಯ ಜನರೆಲ್ಲ ಅವಳನ್ನು ಟೈಲರಜ್ಜಿ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಟೈಲರ್ ಅನ್ನುವುದು ಮೊದಲು, ಅಜ್ಜಿ ಅನ್ನುವುದು ಆಮೇಲೆ ಬರುತ್ತದಲ್ಲ, ಅಷ್ಟು ಸಾಕು ಎನ್ನುತ್ತಿದ್ದಳು. ನಲವತ್ತೊಂದು ವರ್ಷ ಅದೇ ಮುಂಬಾಗಿಲ ಕೋಣೆಯಲ್ಲಿ, ಅದೇ ಕಿಟಕಿಯ ಪಕ್ಕ, ಅದೇ ಕಾಲುಮಿಷನ್ನಿನ ಮುಂದೆ ಕೂತು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದವಳು ಅವಳು. ಯಾರ ಭುಜ ಯಾವ ಕಡೆ ಜಾರಿದೆ, ಯಾರು ಹೊಟ್ಟೆ ಒಳಕ್ಕೆಳೆದುಕೊಂಡು ಅಳತೆ ಕೊಡುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಉಸಿರು ಬಿಗಿಹಿಡಿದು ನಿಂತವರ ಸೊಂಟಕ್ಕೆ ಟೇಪು ಸುತ್ತಿ, ಅವರು ಉಸಿರು ಬಿಡುವವರೆಗೂ ಹವಾಮಾನದ ಮಾತಾಡುತ್ತ ನಿಲ್ಲುವುದರಲ್ಲಿ ಅವಳದು ಎತ್ತಿದ ಕೈ.

ಮನೆಯಲ್ಲಿ ಮಗ, ಸೊಸೆ, ನಾಲ್ಕೂವರೆ ವರ್ಷದ ಮೊಮ್ಮಗಳು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸೊಸೆ ಅಂಚೆ ಕಚೇರಿಯ ಕೌಂಟರಿನಲ್ಲಿ. ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರು ಬಾಬಿನ್, ಮಿಷನ್ನಿನ ಅಡಿಯಲ್ಲಿ ದಾರ ಸುತ್ತಿಟ್ಟ ಪುಟ್ಟ ಉರುಳೆಯದು. ಸದಾ ಮಿಷನ್ನಿನ ಕೆಳಗೇ ಗಿರಗಿರ ಸುತ್ತುತ್ತಿದ್ದ ಮಗುವಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು! ನೆಲಕ್ಕೆ ಬಿದ್ದ ಗುಂಡುಪಿನ್ನುಗಳನ್ನು ಅಯಸ್ಕಾಂತದ ತುಂಡಿನಿಂದ ಹೆಕ್ಕಿ ಡಬ್ಬಿಗೆ ಹಾಕುವುದು ಅವಳ ಉದ್ಯೋಗ. ಸಂಬಳ ದಿನಕ್ಕೆ ಒಂದು ಬಾಳೆಹಣ್ಣು. ಒಂದು ಪಿನ್ನು ತಪ್ಪಿಸಿಕೊಂಡರೂ ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸಿ ಹುಡುಕುವಷ್ಟು ಕಟ್ಟುನಿಟ್ಟಿನ ನೌಕರಳು.

ಅಜ್ಜಿಗೆ ಒಂದೇ ಒಂದು ಕೊರಗಿತ್ತು, ಕಣ್ಣು. ಹೋದ ವರ್ಷ ಬಲಗಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಎಡಗಣ್ಣಿನದು ಇನ್ನೂ ಬಾಕಿ. ಅದರ ಬೆನ್ನಿಗೇ ಮೇಷ್ಟ್ರೊಬ್ಬರ ಅಂಗಿಯ ಒಂದು ತೋಳು ಇನ್ನೊಂದಕ್ಕಿಂತ ಮುಕ್ಕಾಲು ಇಂಚು ಉದ್ದವಾಗಿ ವಾಪಸು ಬಂತು. ಮೇಷ್ಟ್ರು ಪಾಪ, ತಪ್ಪು ತಮ್ಮ ಕೈಯದೇ ಇರಬೇಕು ಎಂದರು. ಅದಕ್ಕೇ ಅಜ್ಜಿಗೆ ಇನ್ನಷ್ಟು ನಾಚಿಕೆಯಾಯಿತು. ಊಟಕ್ಕೆ ಕೂತಾಗ ಮಗ ನಗುತ್ತ, "ಅಮ್ಮಾ, ಇನ್ನೊಂದು ಸಲ ಹೀಗಾದ್ರೆ ಮಿಷನ್ನ ಗುಜರಿಗೆ ಹಾಕಿ ನಿನ್ನ ಟಿವಿ ಮುಂದೆ ಕೂರಿಸಿಬಿಡ್ತೀನಿ ನೋಡು," ಎಂದ. ತಮಾಷೆಗೆ ಹೇಳಿದ ಮಾತು. ಅವನು ಅದನ್ನು ಅಲ್ಲೇ ಮರೆತ. ಅವಳು ಮರೆಯಲಿಲ್ಲ.

ಹೀಗಿರುವಾಗ ಬಾಬಿನ್‌ಗೆಂದು ಹೊಲಿದ ಗೆರೆಗೆರೆಯ ನೀಲಿ ಫ್ರಾಕು ಸೊಟ್ಟಗೆ ಕೂತಿತು.

ಮಕ್ಕಳ ಫ್ರಾಕು ಹೊಲಿಯುವುದೇನು ಬ್ರಹ್ಮವಿದ್ಯೆಯಲ್ಲ. ಬಟ್ಟೆಯನ್ನು ಎರಡಾಗಿ ಮಡಚಿ, ಅರ್ಧ ಮೈಯನ್ನು ಸೀಮೆಸುಣ್ಣದಲ್ಲಿ ಬರೆದು, ಎರಡೂ ಪದರವನ್ನು ಒಂದೇ ಸಲಕ್ಕೆ ಕತ್ತರಿಸುತ್ತಾರೆ. ಎಡ ಹೇಗೋ ಬಲವೂ ಹಾಗೆಯೇ. ಮುಂಭಾಗದ ಗುಂಡಿಪಟ್ಟಿ ಗಂಟಲ ಗುಳಿಯಿಂದ ಹೊಕ್ಕುಳದವರೆಗೆ ನೆಟ್ಟಗೆ ಇಳಿಯಬೇಕು. ಆ ದಿನ ಅದು ಎದೆಯವರೆಗೆ ನೆಟ್ಟಗೆ ಇಳಿದು, ಅಲ್ಲಿಂದ ಎಡಕ್ಕೆ ವಾಲಿತು. ಎಡಗಡೆಯ ಅಂಚು ಅರ್ಧ ಇಂಚು ಮೇಲಕ್ಕೆದ್ದಿತ್ತು.

ಅಜ್ಜಿ ಹೆದರಿದಳು. ಮಗುವಿಗೇನೋ ಆಗಿದೆ ಎಂದಲ್ಲ, ತನ್ನ ಕೈ ಹೋಯಿತು ಎಂದು. ಆಚೆ ಈಚೆ ನೋಡಿದಳು. ಸೊಸೆ ಅಡುಗೆಮನೆಯಲ್ಲಿದ್ದಳು. ಗಡಿಬಿಡಿಯಲ್ಲಿ ಫ್ರಾಕು ಬಿಚ್ಚಿಸಿ, ಎಡಮಗ್ಗುಲ ಹೊಲಿಗೆ ಬಿಚ್ಚಿ, ಒಳಮಡಿಕೆಯಲ್ಲಿದ್ದ ಬಟ್ಟೆಯನ್ನು ಹೊರಕ್ಕೆಳೆದು ಮತ್ತೆ ಹೊಲಿದಳು. ಈಗ ಗುಂಡಿಪಟ್ಟಿ ನೆಟ್ಟಗಾಯಿತು.

"ಚೆನ್ನಾಗಿದೆ ಅತ್ತೆ," ಎಂದಳು ಸೊಸೆ ಹೊರಗೆ ಬಂದು. ಅಜ್ಜಿ ಬಿಚ್ಚಿದ ದಾರದ ತುಂಡುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ನಾಲ್ಕು ವಾರದ ಮೇಲೆ ಇನ್ನೊಂದು ಫ್ರಾಕು ಹೊಲಿದಳು, ಹಳದಿಯದು. ಅದೂ ವಾಲಿತು, ಈ ಸಲ ಇನ್ನೂ ಜಾಸ್ತಿ. ಒಳಮಡಿಕೆಯ ಬಟ್ಟೆ ಸಾಲದೆ ಅಜ್ಜಿ ಎಡಕ್ಕೊಂದು ಬೇರೆ ತುಂಡು ಕೂಡಿಸಿ, ಆ ಜೋಡಣೆ ಕಾಣದ ಹಾಗೆ ಸೊಂಟದ ಸುತ್ತ ನೆರಿಗೆ ಕೊಟ್ಟಳು. ನೋಡಿದವರೆಲ್ಲ ಹೊಸ ಫ್ಯಾಷನ್ ಎಂದರು. ಎದುರುಮನೆಯಾಕೆ ತನ್ನ ಮಗಳಿಗೂ ಅಂಥದ್ದೇ ಬೇಕೆಂದಳು. ಅಜ್ಜಿಯ ಕೈಚಳಕ ಅಂಥದ್ದು. ಆ ಕೈಚಳಕವೇ ಮಗುವಿನ ಹೊಟ್ಟೆಯನ್ನು ಎಲ್ಲರ ಕಣ್ಣಿಂದ ಮುಚ್ಚಿಟ್ಟಿತು. ಯಾರನ್ನು ಬಯ್ಯೋಣ ಹೇಳಿ!

ಹೊಟ್ಟೆ ದಪ್ಪವಾಗಿದ್ದು ಯಾರಿಗೂ ಕಾಣಲಿಲ್ಲ ಎಂದಲ್ಲ. ಮಗ ಕೆಲಸದಿಂದ ಬಂದವನೇ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು "ನನ್ನ ಡೊಳ್ಳುಹೊಟ್ಟೆ ರಾಣಿ" ಎನ್ನುತ್ತ ಬೆರಳಲ್ಲಿ ಹೊಟ್ಟೆ ಬಾರಿಸುತ್ತಿದ್ದ. ಅವಳು ಕಿಲಕಿಲ ನಗುತ್ತಿದ್ದಳು. ಊಟ ಕಡಿಮೆಯಾಗಿತ್ತು. ಒಂದೊಂದು ದಿನ "ಹೊಟ್ಟೆ ಭಾರ" ಎನ್ನುತ್ತಿದ್ದಳು. ಸೊಸೆ ಎರಡು ಸಲ ಬೀದಿಯ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಳ್ಳೆಯ ಮನುಷ್ಯರು. ಬೀದಿಯ ಮೂರು ತಲೆಮಾರಿನ ಕೆಮ್ಮು ನೆಗಡಿ ನೋಡಿದವರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ನಾಲಿಗೆ ನೋಡಿದರು, ಕಣ್ಣು ನೋಡಿದರು, ನೆರಿಗೆಯ ಫ್ರಾಕಿನ ಮೇಲಿಂದಲೇ ಹೊಟ್ಟೆ ಮುಟ್ಟಿದರು. ಮೊದಲ ಸಲ ಜಂತುಹುಳಕ್ಕೆ ಕೆಂಪು ಔಷಧಿ, ಎರಡನೆಯ ಸಲ ಮಲಬದ್ಧತೆಗೆ ಸಿರಪ್ಪು ಬರೆದುಕೊಟ್ಟರು. ಸಿರಪ್ಪು ಕುಡಿದು ಒಂದೆರಡು ದಿನ ಬಾಬಿನ್ ಹಗುರಾದ ಹಾಗೆಯೇ ಕಂಡಳು.

ಆಮೇಲೆ ಶಿಶುವಿಹಾರದ ಹಾಡಿನ ಕಾರ್ಯಕ್ರಮ ಬಂತು. ಐದು ಹುಡುಗಿಯರು ಒಂದೇ ಥರದ ಹಸಿರು ಫ್ರಾಕು ಹಾಕಿಕೊಂಡು ಎಲೆಗಳಾಗಿ ನಿಲ್ಲಬೇಕಂತೆ. ಟೀಚರು ಬಟ್ಟೆಯ ಥಾನನ್ನೇ ತಂದು ಅಜ್ಜಿಯ ಮುಂದಿಟ್ಟರು. ಬಾಬಿನ್ ಐದನೆಯ ಎಲೆ.

ಈ ಸಲ ಕೈ ತಪ್ಪಬಾರದೆಂದು ಅಜ್ಜಿ ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಐದೂ ಫ್ರಾಕುಗಳನ್ನು ಒಂದೇ ದಿನ, ಒಂದೇ ಮೇಜಿನ ಮೇಲೆ ಬಟ್ಟೆ ಮಡಚಿ ಕತ್ತರಿಸಿ, ಹೊಲಿದಳು. ಪ್ರತಿ ಗೆರೆಯನ್ನೂ ಎರಡು ಸಲ ಅಳೆದಳು. ಮಾರನೆಯ ಬೆಳಿಗ್ಗೆ ಐದೂ ಮಕ್ಕಳು ಬಂದು ಅವನ್ನು ತೊಟ್ಟು ಮುಂಬಾಗಿಲ ಕೋಣೆಯಲ್ಲಿ ಸಾಲಾಗಿ ನಿಂತವು. ಒಬ್ಬಳ ಗುಂಡಿಪಟ್ಟಿ ನೆಟ್ಟಗಿತ್ತು. ಎರಡನೆಯವಳದು ನೆಟ್ಟಗಿತ್ತು. ಮೂರನೆಯವಳು ಒಂದು ಕಾಲ ಮೇಲೆ ನಿಂತಿದ್ದಳು, ಆದರೂ ನೆಟ್ಟಗಿತ್ತು. ನಾಲ್ಕನೆಯವಳದು ಗೆರೆ ಎಳೆದ ಹಾಗಿತ್ತು. ಬಾಬಿನ್‌ದು ಮಾತ್ರ ಎಡಕ್ಕೆ, ಎರಡು ಬೆರಳಿನಷ್ಟು ವಾಲಿತ್ತು.

ಅಜ್ಜಿ ಸಾಲನ್ನು ಇನ್ನೊಂದು ಸಲ ನೋಡಿದಳು. ಕತ್ತರಿ ಅದೇ, ಬಟ್ಟೆ ಅದೇ, ಕೈ ಅದೇ. ಕೈ ಕೆಟ್ಟಿದ್ದರೆ ಐದೂ ಕೆಡಬೇಕಿತ್ತು. ಕೆಟ್ಟಿದ್ದು ಕೈಯಲ್ಲ ಎಂದು ಗೊತ್ತಾದ ಆ ಗಳಿಗೆಯಲ್ಲಿ ಅವಳಿಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ.

ಉಳಿದ ನಾಲ್ವರನ್ನು ಕಳಿಸಿ, ಬಾಬಿನ್‌ನ ಫ್ರಾಕು ಬಿಚ್ಚಿಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿದಳು. ಟೇಪಿನ ತುದಿಯನ್ನು ಬೆನ್ನುಮೂಳೆಯ ಮೇಲೆ ಹಿಡಿದು, ಬಲಗಡೆಯಿಂದ ಹೊಕ್ಕುಳದವರೆಗೆ ಅಳೆದಳು. ಹನ್ನೊಂದು ಇಂಚು. ಎಡಗಡೆಯಿಂದ ಅಳೆದಳು. ಹನ್ನೆರಡೂವರೆ. ನಲವತ್ತೊಂದು ವರ್ಷದಲ್ಲಿ ಅವಳು ಯಾರ ಹೊಟ್ಟೆಯನ್ನೂ ಹೀಗೆ ಅರ್ಧರ್ಧ ಅಳೆದಿರಲಿಲ್ಲ. ಸುತ್ತಳತೆ ತೆಗೆದು ಎರಡರಿಂದ ಭಾಗಿಸಿದರೆ ಮುಗಿಯುತ್ತಿತ್ತು. ಅಂಗೈಯನ್ನು ಮೆಲ್ಲಗೆ ಎಡಪಕ್ಕೆಯ ಕೆಳಗೆ ಇಟ್ಟಳು. ಮಕ್ಕಳ ಹೊಟ್ಟೆ ಮೆತ್ತಗಿರಬೇಕು. ಅಲ್ಲಿ ಗಟ್ಟಿಯಾಗಿ, ದುಂಡಗೆ ಏನೋ ಇತ್ತು.

"ಅಜ್ಜಿ, ಕಚಗುಳಿ!" ಎಂದಳು ಬಾಬಿನ್. ಅಜ್ಜಿ ಕೈ ತೆಗೆದಳು.

ಸೊಸೆ ಕೆಲಸಕ್ಕೆ ಹೊರಟಿದ್ದಳು. ಚೀಲ ಹೆಗಲಿಗೇರಿಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದವಳ ಮುಂದೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಈಗ್ಲೇ ಡಾಕ್ಟರ ಹತ್ರ ಹೋಗೋಣ ಕಣಮ್ಮ."

"ಮೊನ್ನೆ ತಾನೇ ತೋರಿಸಿದೀವಲ್ಲ ಅತ್ತೆ. ಸಿರಪ್ಪು ಇನ್ನೂ ಅರ್ಧ ಬಾಟ್ಲಿ ಇದೆ."

"ಸಿರಪ್ಪು ಆಮೇಲೆ. ಅದೇನೋ ಒಂದೇ ಕಡೆ ಊದಿದೆ. ಎಡಗಡೆ ಒಂದೂವರೆ ಇಂಚು ಜಾಸ್ತಿ ಇದೆ."

"ಮಗು ಹೊಟ್ಟೆಗೂ ಇಂಚು ಲೆಕ್ಕನಾ?" ಎಂದು ಸೊಸೆ ನಗಲು ಹೋದಳು. ಅತ್ತೆಯ ಮುಖ ನೋಡಿ ನಗು ಅಲ್ಲಿಗೇ ನಿಂತಿತು. ಚಪ್ಪಲಿಯಲ್ಲೇ ಒಳಗೆ ಬಂದು ಮಗುವನ್ನು ಎತ್ತಿಕೊಂಡಳು.

ಬೀದಿಯ ಡಾಕ್ಟರು ಈ ಸಲವೂ ನಾಲಿಗೆ ನೋಡುವುದಕ್ಕೇ ಟಾರ್ಚು ತೆಗೆದರು. ಅಜ್ಜಿ ಬಡಪೆಟ್ಟಿಗೆ ಬಗ್ಗಲಿಲ್ಲ. "ಡಾಕ್ಟ್ರೇ, ನಾಲಿಗೆ ಅಲ್ಲಿ ಬಿಡಿ, ಬಟ್ಟೆ ತೆಗೆದು ಮಲಗಿಸಿ ನೋಡಿ," ಎಂದಳು. ಡಾಕ್ಟರು ಹುಬ್ಬೇರಿಸಿದರು, ಆದರೆ ಮಲಗಿಸಿದರು. ಅಂಗೈಯನ್ನು ಹೊಟ್ಟೆಯ ಮೇಲೆ ಹಗುರಾಗಿ ಇಟ್ಟರು. ಎರಡನೆಯ ಸಲ ಮುಟ್ಟಲಿಲ್ಲ. ಕುರ್ಚಿಗೆ ಮರಳಿ, ಕನ್ನಡಕ ತೆಗೆದು ಒರೆಸಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

"ಇವತ್ತೇ ಹೋಗಿ. ನಾಳೆ ಅನ್ಬೇಡಿ. ಇನ್ನು ಹೊಟ್ಟೆ ಅಮುಕಬೇಡಿ, ಯಾರೂ ಮುಟ್ಟೋದು ಬೇಡ." ಆಮೇಲೆ ಸೊಸೆಯ ಕಡೆ ತಿರುಗಿ, "ಎರಡು ಸಲ ಬಂದಾಗ್ಲೂ ನಾನು ಫ್ರಾಕು ಎತ್ತಿ ನೋಡ್ಬೇಕಿತ್ತಮ್ಮ. ನೋಡ್ಲಿಲ್ಲ," ಎಂದರು. ಅಷ್ಟು ವಯಸ್ಸಾದವರು ಹಾಗೆ ಹೇಳಿದ್ದು ಕೇಳಿ ಸೊಸೆಗೆ ಹೆದರಿಕೆ ಇಮ್ಮಡಿಯಾಯಿತು.

ಅಜ್ಜಿ ಮನೆಗೆ ಓಡಿ ಮೂರೂ ಫ್ರಾಕುಗಳನ್ನು ಚೀಲಕ್ಕೆ ತುರುಕಿಕೊಂಡು ಬಂದಳು. ಯಾಕೆಂದು ಯಾರೂ ಕೇಳಲಿಲ್ಲ. ಬದಲಾಯಿಸಲು ಬಟ್ಟೆ ಬೇಕಲ್ಲ ಎಂದುಕೊಂಡರು.

ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಒಬ್ಬ ಹೆಂಗಸು, ಸೊಸೆಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮಗ ಡಿಪೋದಿಂದ ಗ್ರೀಸು ಮೆತ್ತಿದ ಅಂಗಿಯಲ್ಲೇ ಬಂದ. ಹೊಟ್ಟೆಯ ಸ್ಕ್ಯಾನು ಮುಗಿದ ಮೇಲೆ ಡಾಕ್ಟರು ಮೂವರನ್ನೂ ಚಿಕ್ಕ ಕೋಣೆಯೊಂದರಲ್ಲಿ ಕೂರಿಸಿದರು. ಬಾಬಿನ್ ಹೊರಗೆ ನರ್ಸಿನ ಪಕ್ಕ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

"ಎಡಗಡೆ ಮೂತ್ರಪಿಂಡದಲ್ಲಿ ಗಡ್ಡೆ ಇದೆ," ಎಂದರು ಡಾಕ್ಟರು. "ಇದು ಚಿಕ್ಕ ಮಕ್ಕಳಿಗೆ ಬರೋ ಒಂದು ಥರದ ಕ್ಯಾನ್ಸರ್ ಅಂತ ನಮ್ಮ ಅನುಮಾನ. ನೋಡೋಕೆ ಜಂತುಹುಳದ ಥರ, ಮಲಬದ್ಧತೆ ಥರ ಇರುತ್ತೆ. ಮಗು ನಗ್ತಾ ಆಡ್ತಾ ಇರುತ್ತೆ, ಎಷ್ಟೋ ಸಲ ನೋವೂ ಇರಲ್ಲ. ಅದಕ್ಕೇ ತುಂಬ ಜನ ಮೋಸ ಹೋಗ್ತಾರೆ. ಇದಕ್ಕೆ ಒಳ್ಳೆ ಚಿಕಿತ್ಸೆ ಇದೆ, ಹೆಚ್ಚಿನ ಮಕ್ಕಳು ಪೂರ್ತಿ ಗುಣ ಆಗ್ತಾರೆ. ಆದ್ರೆ ಶ್ವಾಸಕೋಶಕ್ಕೆ ಹರಡಿದೆಯಾ ಅಂತ ನಾಳೆ ನೋಡ್ಬೇಕು. ಎಷ್ಟು ದಿನದಿಂದ ಹೀಗಿದೆ?"

ಕ್ಯಾನ್ಸರ್ ಎಂಬ ಮಾತು ಕೇಳಿದ ಮೇಲೆ ಮಗನಿಗೆ ಬೇರೇನೂ ಕೇಳಿಸಿರಲಿಲ್ಲ. ಸೊಸೆ ತುಟಿ ಒದ್ದೆ ಮಾಡಿಕೊಂಡು, "ಒಂದೇ ಕಡೆ ಊದಿ ಒಂದು ವಾರ ಇರ್ಬೇಕು. ಇವತ್ತು ಬೆಳಿಗ್ಗೆ ಅತ್ತೆ ನೋಡಿದ್ರು," ಎಂದಳು.

ಅಜ್ಜಿ ಸುಮ್ಮನಿದ್ದುಬಿಡಬಹುದಿತ್ತು. ಒಂದು ವಾರ ಎಂದರೆ ಒಂದು ವಾರ. ಬೆಳಿಗ್ಗೆ ಕಂಡುಹಿಡಿದವಳು ತಾನೇ ಆಗಿದ್ದಳು, ಮನೆಯವರೆಲ್ಲ ಅವಳನ್ನು ಹೊಗಳುತ್ತಿದ್ದರು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಆ ಹೊಗಳಿಕೆ ಕೊನೆಯವರೆಗೂ ಉಳಿಯುತ್ತಿತ್ತು. ಅವಳು ಚೀಲ ತೆಗೆದು ಮೂರು ಫ್ರಾಕುಗಳನ್ನು ಡಾಕ್ಟರ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಒಂಬತ್ತು ವಾರ," ಎಂದಳು.

ನೀಲಿ ಫ್ರಾಕನ್ನು ಒಳಮಗ್ಗುಲಿಗೆ ತಿರುಗಿಸಿದಳು. "ಇದು ಒಂಬತ್ತು ವಾರದ ಹಿಂದೆ. ಎಡಕ್ಕೆ ಅರ್ಧ ಇಂಚು ಬಿಟ್ಟೆ. ಇದು ಹಳದಿದು, ಐದು ವಾರ ಆಯ್ತು. ಇಲ್ಲಿ ನೋಡಿ, ಒಂದಿಂಚು ತುಂಡು ಕೂಡಿಸಿದೀನಿ. ಹಸಿರುದು ಇವತ್ತಿಂದು, ಒಂದೂವರೆ ಬೇಕಾಗಿತ್ತು. ನನ್ನ ಕೈ ಕೆಟ್ಟಿದೆ ಅಂದ್ಕೊಂಡೆ. ಮಿಷನ್ ತೆಗೆದುಬಿಡ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ. ನೆರಿಗೆ ಕೊಟ್ಟು ಮುಚ್ಚಿಬಿಟ್ಟೆ."

ಡಾಕ್ಟರು ಫ್ರಾಕುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಹೊಲಿಗೆಗಳ ಮೇಲೆ ಬೆರಳಾಡಿಸಿದರು. ಅಳತೆಗಳನ್ನು ಬರೆದುಕೊಂಡರು. "ಮೂತ್ರದ ಬಣ್ಣ ಏನಾದ್ರೂ ಬದಲಾಗಿತ್ತಾ?" ಎಂದು ಕೇಳಿದರು. ಸೊಸೆ ಮೆಲ್ಲಗೆ, ಒಂದು ಸಲ ಕೆಂಪಗಿತ್ತು, ಹುಳದ ಔಷಧಿ ಕೆಂಪಗಿತ್ತಲ್ಲ, ಅದೇ ಬಣ್ಣ ಅಂದುಕೊಂಡೆ ಎಂದಳು. ಅದನ್ನೂ ಬರೆದುಕೊಂಡರು. ಯಾರನ್ನೂ ಬಯ್ಯಲಿಲ್ಲ.

ಹೊರಗೆ ಬಂದ ಮೇಲೆ ಸೊಸೆ ಗೋಡೆ ಹಿಡಿದು ನಿಂತಳು. "ಒಂಬತ್ತು ವಾರ, ಅತ್ತೆ," ಎಂದಳು. ಅಷ್ಟೇ.

ಬೈದಿದ್ದರೆ ಅಜ್ಜಿಗೆ ಎಷ್ಟೋ ಹಗುರಾಗುತ್ತಿತ್ತು. ಮಾರನೆಯ ದಿನ ಎದೆಯ ಸ್ಕ್ಯಾನಿಗೆ ಮಗುವನ್ನು ಒಳಗೆ ಕರೆದೊಯ್ದಾಗ ಮೂವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅತ್ತೆ ಸೊಸೆಯರ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅಜ್ಜಿ ಮನಸ್ಸಿನಲ್ಲೇ ವಾರಗಳನ್ನು ಎಣಿಸುತ್ತಿದ್ದಳು. ಮೊದಲ ವಾರ ಹೇಳಿದ್ದರೆ? ಐದನೆಯ ವಾರ? ಶ್ವಾಸಕೋಶಕ್ಕೆ ಹೋಗಿದ್ದರೆ ಯಾವ ವಾರ ಹೋಗಿರಬಹುದು, ಹಳದಿಗಿಂತ ಮೊದಲೋ ಆಮೇಲೋ? ಒಂದು ಮಿಷನ್ನಿಗೆ ಆಸೆಪಟ್ಟು ಮಗುವನ್ನೇ ಪಣಕ್ಕಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ತನ್ನ ಆಯುಷ್ಯವನ್ನು ಅವಳಿಗೆ ಕೊಡಪ್ಪಾ ಎಂದು ಬೇಡಿಕೊಂಡಳು. ಆಮೇಲೆ, ತನ್ನದರಲ್ಲಿ ಉಳಿದಿರುವುದೇ ಚೂರುಪಾರು, ಅದನ್ನು ಕೊಟ್ಟು ಏನು ಬಂತು ಎಂದು ಅವಳಿಗೇ ಅನ್ನಿಸಿತು.

ಸಂಜೆ ಡಾಕ್ಟರು ಬಂದು, "ಶ್ವಾಸಕೋಶ ಶುದ್ಧವಾಗಿದೆ," ಎಂದರು. ಮಗ ಅಳುತ್ತ ನಕ್ಕುಬಿಟ್ಟ. ಸೊಸೆ ಕಣ್ಣು ಮುಚ್ಚಿಕೊಂಡಳು. ಅಜ್ಜಿಯ ಕಡೆ ತಿರುಗಲಿಲ್ಲ.

ಬಾಬಿನ್‌ನ ಮಂಚದ ತಲೆಗಡೆ ದಪ್ಪಕ್ಷರದ ಬೋರ್ಡು ನೇತುಹಾಕಿದರು. 'ಹೊಟ್ಟೆ ಅಮುಕಬೇಡಿ.' ಗಡ್ಡೆ ಒಡೆದರೆ ಕಷ್ಟವಂತೆ. ಮಗ ದಿನಾ ಬಂದು ಆ ಬೋರ್ಡು ಓದಿ, ಎಷ್ಟು ಸಂಜೆ ಅದೇ ಹೊಟ್ಟೆಯನ್ನು ಬಾರಿಸಿದ್ದೆನೆಂದು ನೆನೆದು ತನ್ನ ಬೆರಳುಗಳನ್ನೇ ನೋಡಿಕೊಂಡು ಕೂರುತ್ತಿದ್ದ. ಮೊದಲು ನಾಲ್ಕು ವಾರ ಗಡ್ಡೆ ಕುಗ್ಗಿಸುವ ಔಷಧಿ ಕೊಟ್ಟರು. ಕೂದಲು ಉದುರಿತು. ಬಾಬಿನ್ ಕನ್ನಡಿ ನೋಡಿ, "ನಾನು ಈಗ ಪಕ್ಕದ್ಮನೆ ತಾತ," ಎಂದು ವಾರ್ಡಿಗೆಲ್ಲ ಸಾರಿದಳು. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ, ಎಡಗಡೆಯ ಮೂತ್ರಪಿಂಡವನ್ನು ಗಡ್ಡೆಯ ಸಮೇತ ತೆಗೆದರು. ಒಡೆಯದೆ ಇಡಿಯಾಗಿ ಬಂತು ಎಂದರು ಡಾಕ್ಟರು. ಪರೀಕ್ಷೆಯಲ್ಲಿ ಅವರ ಅನುಮಾನ ನಿಜವಾಯಿತು, ಜೊತೆಗೆ ಅದು ಔಷಧಿಗೆ ಬಗ್ಗುವ ಬಗೆಯದು ಎಂದೂ ತಿಳಿಯಿತು. ಮತ್ತೆ ತಿಂಗಳುಗಟ್ಟಲೆ ಔಷಧಿ ನಡೆಯಿತು.

ಅಷ್ಟೂ ದಿನ ಅಜ್ಜಿ ಆಸ್ಪತ್ರೆಗೆ ಬುತ್ತಿ ಹೊತ್ತಳು, ಬಟ್ಟೆ ಒಗೆದಳು, ಮಗುವಿನ ಕಾಲು ನೇವರಿಸಿದಳು. ಸೊಸೆ ಬೇಕಾದಷ್ಟೇ ಮಾತಾಡುತ್ತಿದ್ದಳು, "ನೀರು ಕೊಡಿ," "ಬಾಗಿಲು ಹಾಕಿ." ಬೇಡದ ಒಂದು ಮಾತೂ ಇರಲಿಲ್ಲ. ಮನೆಯಲ್ಲಿ ಮಿಷನ್ನಿನ ಮೇಲೆ ಹಳೆಯ ಹಾಸು ಹೊದಿಸಿತ್ತು. ಹೊದಿಸಿದವಳು ಅಜ್ಜಿಯೇ. ಯಾರಾದರೂ ಬಟ್ಟೆ ತಂದರೆ "ಕಣ್ಣು ಕಾಣ್ಸಲ್ಲಪ್ಪ" ಎಂದು ವಾಪಸು ಕಳಿಸುತ್ತಿದ್ದಳು. ಟೇಪು ಗೋಡೆಯ ಮೊಳೆಗೆ ತೂಗುತ್ತಿತ್ತು.

ಔಷಧಿಯೆಲ್ಲ ಮುಗಿದು, ಕೊನೆಯ ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ ಎರಡನೆಯ ದಿನ. ಭಾನುವಾರ ಬೆಳಿಗ್ಗೆ. ಸೊಸೆ ಮಗುವಿಗೆ ಸ್ನಾನ ಮಾಡಿಸಿ, ಟವೆಲ್ಲು ಸುತ್ತಿ ಮುಂಬಾಗಿಲ ಕೋಣೆಗೆ ಕರೆತಂದು ಕಿಟಕಿಯ ಮುಂದೆ ನಿಲ್ಲಿಸಿದಳು. ಬಾಬಿನ್‌ನ ತಲೆಯ ಮೇಲೆ ಅರ್ಧ ಬೆರಳಿನಷ್ಟು ಹೊಸ ಕೂದಲು ಬಂದಿತ್ತು. ಸೊಸೆ ಮೊಳೆಯಿಂದ ಟೇಪು ತೆಗೆದು ಅತ್ತೆಯ ಮುಂದೆ ಹಿಡಿದಳು.

"ಇವಳಿಗೆ ಹೊಸ ಫ್ರಾಕ್ ಬೇಕಂತೆ ಅತ್ತೆ. ಅಂಗಡೀದು ಬೇಡ್ವಂತೆ."

ಅಜ್ಜಿ ಕೈ ಚಾಚಲಿಲ್ಲ. "ನನ್ನ ಕೈಲಿ ಆಗಲ್ಲಮ್ಮ. ಇನ್ನು ಈ ಕೈ ಬೇಡ."

ಸೊಸೆ ಟೇಪಿನ ಲೋಹದ ತುದಿಯನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದಳು. "ನಂಗೆ ನಿಮ್ಮ ಮೇಲೆ ತುಂಬ ಸಿಟ್ಟಿತ್ತು. ಈಗ್ಲೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳ್ಲಿ. ದಿನಾ ಸ್ನಾನ ಮಾಡಿಸೋಳು ನಾನು ಅತ್ತೆ. ಕೆಂಪಗೆ ಕಂಡಾಗ ತಪ್ಪನ್ನ ಔಷಧಿ ಬಾಟ್ಲಿ ಮೇಲೆ ಹಾಕಿ ಸುಮ್ನಾದೋಳೂ ನಾನೇ. ನಿಮ್ಮ ಕೈ ಮೊದಲ್ನೇ ದಿನಾನೇ ಸರಿಯಾಗಿ ಹೇಳಿತ್ತು." ಟೇಪನ್ನು ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಡಾಕ್ಟ್ರು ಮೂರು ತಿಂಗಳಿಗೊಂದು ಸಲ ನೋಡ್ತಾರೆ. ನೀವು ಪ್ರತಿ ಭಾನುವಾರ ಅಳತೆ ತಗೊಳ್ಳಿ. ಎಡ ಬೇರೆ, ಬಲ ಬೇರೆ. ಎಷ್ಟು ಬಂದ್ರೂ ನಂಗೆ ಹೇಳಿ."

ಅಜ್ಜಿ ಮಂಡಿಯೂರಿ ಕೂತು, ಟವೆಲ್ಲು ಸರಿಸಿದಳು. ಹೊಟ್ಟೆಗೆ ಅಡ್ಡಲಾಗಿ ಗಾಯದ ಗೆರೆ ಇತ್ತು. ಟೇಪಿನ ತುದಿಯನ್ನು ಬೆನ್ನುಮೂಳೆಯ ಮೇಲೆ ಹಿಡಿದು ಬಲಗಡೆಯಿಂದ ತಂದಳು. ಎಡಗಡೆಯಿಂದ ತಂದಳು. ನಂಬಿಕೆ ಬರಲಿಲ್ಲ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ತಂದಳು.

"ಸೊಟ್ಟ ಇದೀನಾ ಅಜ್ಜಿ?" ಎಂದಳು ಬಾಬಿನ್.

"ಹತ್ತು," ಎಂದಳು ಅಜ್ಜಿ ಸೊಸೆಯ ಕಡೆ ನೋಡಿ. "ಈ ಕಡೇನೂ ಹತ್ತು."

ಸೊಸೆ ತಲೆಯಾಡಿಸಿ, ಮಿಷನ್ನಿನ ಮೇಲಿನ ಹಾಸನ್ನು ತೆಗೆದು ಕೊಡವಿದಳು. ಪಿನ್ನಿನ ಡಬ್ಬಿ ಉರುಳಿ ಬಿದ್ದು ಪಿನ್ನುಗಳೆಲ್ಲ ನೆಲದ ತುಂಬ ಚೆಲ್ಲಿದವು. ಬಾಬಿನ್ ಟವೆಲ್ಲಿನಲ್ಲೇ ಅಯಸ್ಕಾಂತ ಹುಡುಕಲು ಓಡಿದಳು. ಅಜ್ಜಿ ಕಪಾಟಿನಿಂದ ಕೆಂಪು ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲೆ ಹರವಿದಳು. ಅದನ್ನು ಎರಡಾಗಿ ಮಡಚಿ, ಅರ್ಧ ಮೈಯನ್ನು ಸೀಮೆಸುಣ್ಣದಲ್ಲಿ ಬರೆದು, ಎರಡೂ ಪದರವನ್ನು ಒಂದೇ ಸಲಕ್ಕೆ ಕತ್ತರಿಸಿದಳು.